ಲವ್ ಬರ್ಡ್ ಕೈಗೆ ಬರ್ತಿಲ್ಲ, ಏನ್ ಮಾಡ್ಲಿ?

"ಹಕ್ಕಿ ತಂದು ಹತ್ತು ದಿನ ಆಯ್ತು. ಕೈ ಹಾಕಿದ್ರೆ ಮೂಲೆಗೆ ಓಡುತ್ತೆ, ಹಿಡಿಯೋಕೆ ಹೋದ್ರೆ ರಕ್ತ ಬರೋ ಹಾಗೆ ಕಚ್ಚುತ್ತೆ. ಯಾವಾಗ ಪಳಗುತ್ತೆ?" ಮನೆಗೆ ಬಂದವರು, ಪರಿಚಯದವರು ನನ್ನನ್ನು ಕೇಳುತ್ತಲೇ ಇರುತ್ತಾರೆ.

ಮೊದಲು ನಾನೇ ತಿರುಗಿ ಕೇಳುತ್ತೇನೆ, ನಿಮ್ಮ ಹತ್ತಿರ ಇರುವುದು ಯಾವ ಹಕ್ಕಿ? ನಮ್ಮ ಕಡೆ ಅಂಗಡಿಗಳಲ್ಲಿ ಲವ್ ಬರ್ಡ್ಸ್ ಅಂತ ಕೊಡುವುದು ಎಷ್ಟೋ ಸಲ ಬಡ್ಜಿ. ಅದು ಆಸ್ಟ್ರೇಲಿಯಾ ಮೂಲದ, ಉದ್ದ ಬಾಲದ ಹಕ್ಕಿ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಗಿಡ್ಡ ಬಾಲ, ದಪ್ಪ ಕೊಕ್ಕು, ತೂಕ ಸುಮಾರು 50 ಗ್ರಾಂ. ಪಳಗಿಸುವ ದಾರಿ ಎರಡಕ್ಕೂ ಒಂದೇ, ಆದರೆ ಲವ್ ಬರ್ಡ್ ಕಚ್ಚಿದರೆ ನೋವು ಜಾಸ್ತಿ.

ಇನ್ನು ಉತ್ತರ. ಹಿಡಿಯುವುದನ್ನು ಇವತ್ತೇ ನಿಲ್ಲಿಸಿ. ಕಾಡಿನಲ್ಲಿ ಇದನ್ನು ಹಿಡಿದು ತಿನ್ನುವ ಗಿಡುಗ ಬರುವುದು ಮೇಲಿನಿಂದ. ಪಂಜರದೊಳಗೆ ಮೇಲಿನಿಂದ ಇಳಿಯುವ ಕೈಯೂ ಅದಕ್ಕೆ ಹಾಗೇ ಕಾಣುತ್ತದೆ. ಅಂಗಡಿಯಲ್ಲಿ ಅದನ್ನು ಹಿಡಿದು ರಟ್ಟಿನ ಡಬ್ಬಿಗೆ ತುರುಕಿದ್ದೂ ಒಂದು ಕೈಯೇ ಅಲ್ವಾ? ಆ ಹೆದರಿಕೆ ಹೋಗುವವರೆಗೆ ಬೇರೇನೂ ನಡೆಯುವುದಿಲ್ಲ.

ನಮ್ಮ ಲವ್ ಬರ್ಡ್ ಚಿಗುರು, ಊರು ಬಿಟ್ಟು ಹೊರಟವರ ಮನೆಯಿಂದ ಬಂದಾಗ ಅವಳಿಗೆ ಎರಡು ವರ್ಷ. ಹಾಲ್‌ನಲ್ಲಿ, ಎರಡು ಕಡೆ ಗೋಡೆ ಇರುವ ಮೂಲೆಯಲ್ಲಿ, ನಮ್ಮ ಕಣ್ಣಿನ ಎತ್ತರಕ್ಕೆ ಪಂಜರ ಇಟ್ಟೆವು. ಅಡುಗೆಮನೆ ಬೇಡವೇ ಬೇಡ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಹೊಗೆಗೆ ಹಕ್ಕಿ ಕೆಲವೇ ನಿಮಿಷದಲ್ಲಿ ಸಾಯಬಹುದು. ಊದುಬತ್ತಿ, ಸೊಳ್ಳೆಬತ್ತಿಯನ್ನೂ ದೂರ ಇಡಿ. ರಾತ್ರಿ ಬಟ್ಟೆ ಹೊದಿಸಿ, 10–12 ಗಂಟೆ ನಿದ್ದೆ ಬೇಕು. ಮರಿ ಮಾಡಿಸುವ ಮಡಕೆ ಪಂಜರದಲ್ಲಿದ್ದರೆ ತೆಗೆದುಬಿಡಿ. ಹೆಣ್ಣುಹಕ್ಕಿ ಅದನ್ನು ಕಾಯಲು ನಿಂತರೆ ಯಾರನ್ನೂ ಹತ್ತಿರ ಬಿಡುವುದಿಲ್ಲ.

ನಾಲ್ಕು ದಿನ ಚಿಗುರು ನಮ್ಮೆದುರು ಒಂದು ಕಾಳೂ ಮುಟ್ಟಲಿಲ್ಲ. ನಾವು ಆಚೆ ಹೋದ ಮೇಲೆ ತಿನ್ನುತ್ತಿದ್ದಳು. ಐದನೇ ದಿನ ಪಂಜರದ ಪಕ್ಕ ಕೂತು ಪೇಪರ್ ಓದುತ್ತಿದ್ದೆ. ಕಟ್ ಕಟ್ ಅಂತ ಸದ್ದು. ತಲೆ ಎತ್ತಲಿಲ್ಲ. ನಾನಿರುವಾಗಲೇ ಕಾಳು ಒಡೆಯುತ್ತಿದ್ದಳು! ಆ ಸದ್ದು ಕೇಳುವವರೆಗೆ ನೀವೂ ಸುಮ್ನೆ ಪಕ್ಕದಲ್ಲಿ ಕೂತಿರಿ. (ನಿಮ್ಮ ಬೆನ್ನ ಹಿಂದೆಯೂ ತಿನ್ನುತ್ತಿಲ್ಲ ಅಂದರೆ ಮಾತ್ರ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.)

ಆಮೇಲೆ ನವಣೆ ತೆನೆ. ಬೆಳಿಗ್ಗೆ ಕಾಳು ಹಾಕುವ ಮೊದಲು ಉದ್ದನೆಯ ತೆನೆಯ ತುದಿ ಹಿಡಿದು ಸರಳಿನ ಸಂದಿಯಲ್ಲಿ ಚಾಚಿ. ಐದು ನಿಮಿಷ ಸಾಕು. ಕೆಲವು ದಿನಕ್ಕೊಮ್ಮೆ ತೆನೆ ಗಿಡ್ಡ ಮಾಡುತ್ತಾ ಬನ್ನಿ, ಬೆರಳು ತಾನೇ ಹತ್ತಿರವಾಗುತ್ತದೆ. ಚಿಗುರು ಮೊದಲು ಕತ್ತು ಮಾತ್ರ ಚಾಚಿ ಒಂದು ಕಾಳು ಕಿತ್ತು ಹಿಂದೆ ಸರಿಯುತ್ತಿದ್ದಳು. ಒಂದು ದಿನ ಸರಿಯಲಿಲ್ಲ. ಹೊಟ್ಟು ನನ್ನ ಹೆಬ್ಬೆರಳ ಮೇಲೆ ಉದುರುತ್ತಿತ್ತು. ಒಂದು ಕಾಲು ಕೋಲಿನ ಮೇಲೇ ಬಿಟ್ಟು ಇನ್ನೊಂದನ್ನು ನನ್ನ ಉಗುರಿನ ಮೇಲಿಟ್ಟಳು. ಉಸಿರು ಬಿಡಲೂ ಹೆದರಿಕೆ ನನಗೆ. ಎರಡೂ ಕಾಲು ಬೆರಳಿಗೆ ಬರಲು ಏಳು ವಾರ ಹಿಡಿಯಿತು.

ಗರಿಯನ್ನು ಮೈಗೆ ಬಿಗಿದು ಸಪೂರವಾಗಿ ನಿಂತರೆ ಹೆದರಿದೆ ಅಂತ ಅರ್ಥ, ಕೈ ಹಿಂದೆ ತೆಗೆಯಿರಿ. ಗರಿ ಸಡಿಲ ಬಿಟ್ಟು, ಒಂದು ಕಾಲು ಎತ್ತಿ, ಕೊಕ್ಕು ಮಸೆಯುತ್ತಿದ್ದರೆ ಆರಾಮವಾಗಿದೆ. ಹಗಲೆಲ್ಲ ಉಬ್ಬಿಕೊಂಡು ತೂಕಡಿಸಿದರೆ ಅದು ಆರಾಮ ಅಲ್ಲ, ಕಾಯಿಲೆ. ಕಚ್ಚಿದಾಗ ಕೂಗಬೇಡಿ, ಕೈ ಕೊಡವಬೇಡಿ. ಮೆಲ್ಲಗೆ ಕೋಲಿನ ಮೇಲೆ ಇಳಿಸಿ.

ಜೋಡಿ ಇಲ್ಲದಿದ್ದರೆ ಕೊರಗಿ ಸಾಯುತ್ತೆ ಅನ್ನುವುದು ನಿಜ ಅಲ್ಲ. ಆದರೆ ಹಗಲೆಲ್ಲ ಮನೆಗೆ ಬೀಗ ಬೀಳುವುದಾದರೆ ಜೋಡಿಯನ್ನೇ ಸಾಕಿ, ಪಳಗುವುದು ತಡವಾದರೂ ಪರವಾಗಿಲ್ಲ.

ರೆಕ್ಕೆ ಕತ್ತರಿಸಿದರೆ ಬೇಗ ಪಳಗುತ್ತೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಹಾರಿ ಹೋಗಬಲ್ಲ ಹಕ್ಕಿ ತಾನಾಗಿ ಬಂದು ಕೂರಬೇಕು. ಹೊರಗೆ ಬಿಡುವ ಮೊದಲು ಕಿಟಕಿ ಮುಚ್ಚಿ, ಕನ್ನಡಿಗೆ ಬಟ್ಟೆ ಹಾಕಿ, ಫ್ಯಾನ್ ಸ್ವಿಚ್ಚಿಗೆ ಟೇಪ್ ಅಂಟಿಸಿ. ಮನೆಗೆ ಬಂದವರು ಸೆಖೆ ಅಂತ ಗೊತ್ತಿಲ್ಲದೆ ಒತ್ತಿಬಿಡುತ್ತಾರೆ. ನಮ್ಮ ಹಾಲ್‌ನ ಸ್ವಿಚ್ಚಿನ ಮೇಲೆ ಆ ಟೇಪ್ ಇವತ್ತಿಗೂ ಇದೆ.