ಒರಳಿನ ರುಚಿ ಮಿಕ್ಸಿಗೆ ಬರುತ್ತದಾ?

ನಮ್ಮ ಮನೆಯ ಹಿತ್ತಿಲಲ್ಲಿ, ಬಚ್ಚಲಿನ ಪಕ್ಕ, ಒಂದು ಹಳೇ ಒರಳುಕಲ್ಲು ಇದೆ. ಅದರ ಗುಂಡು ಮಾತ್ರ ಅಲ್ಲಿಲ್ಲ, ಗಾಳಿಗೆ ಬಡಿದುಕೊಳ್ಳುವ ಹಿಂಬಾಗಿಲಿಗೆ ಒತ್ತಾಗಿ ಕೂತಿದೆ. ಮನೆಗೆ ಬಂದವರು ಕೈತೊಳೆಯಲು ಅತ್ತ ಹೋದರೆ ಸಾಕು, ಪ್ರಶ್ನೆ ತಯಾರು: "ಇದರಲ್ಲಿ ರುಬ್ಬಿದ ಚಟ್ನಿ ರುಚಿ ಈಗಿನ ಮಿಕ್ಸಿಗೆ ಬರುತ್ತದಾ ಹೇಳಿ?" ಕೇಳುವವರು ಹೆಚ್ಚಾಗಿ ಗಂಡಸರು.

ಬರುವುದಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಲ್ಲು ಅರೆಯುತ್ತದೆ, ಬ್ಲೇಡು ಕತ್ತರಿಸುತ್ತದೆ. ಕಲ್ಲಿನಡಿ ಸಿಕ್ಕ ಕಾಯಿತುರಿ ಜಜ್ಜಿಹೋಗಿ ಹಾಲೂ ಎಣ್ಣೆಯೂ ಬಿಡುತ್ತದೆ, ಜಾರಿನಲ್ಲಿ ಅದು ಸಣ್ಣ ಸಣ್ಣ ತರಿಯಾಗಿ ಉಳಿಯುತ್ತದೆ. ಮೇಲಾಗಿ ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತು ತಿರುಗುವ ಬ್ಲೇಡಿಗೆ ಹಿಟ್ಟು ಬಿಸಿಯಾಗುತ್ತದೆ. ಉದ್ದು ರುಬ್ಬುವಾಗ ಅಮ್ಮ ಇವತ್ತಿಗೂ ಮಡಕೆಯ ತಣ್ಣೀರನ್ನೇ ಹಾಕುವುದು ಅದಕ್ಕೆ.

ಆದರೆ ಆ ರುಚಿ ಯಾರ ರಟ್ಟೆಯಿಂದ ಬರುತ್ತಿತ್ತು ಎಂಬುದನ್ನೂ ಸೇರಿಸಿ ಹೇಳಬೇಕಲ್ಲ.

ನಮ್ಮದು ಸಾಗರದ ಕಡೆಯ ಹಳ್ಳಿ. ಜೋಗದ ವಿದ್ಯುದಾಗಾರ 1948ರಿಂದಲೇ ನಡೆಯುತ್ತಿತ್ತು, ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಎದ್ದಿತ್ತು. ಶರಾವತಿಯ ಕರೆಂಟು ಬೆಂಗಳೂರು ಸೇರಿ ಎಷ್ಟೋ ವರ್ಷಗಳಾದ ಮೇಲೆ, 1978ರಲ್ಲಿ, ನಮ್ಮ ಮನೆಗೆ ಒಂದು ಬಲ್ಬು ಬಂತು. ಅಲ್ಲಿಯವರೆಗೆ ಸಂಜೆಯ ರುಬ್ಬುವ ಕೆಲಸವೆಲ್ಲ ಚಿಮಣಿ ಬುಡ್ಡಿಯ ಬೆಳಕಿನಲ್ಲಿ.

ಹನ್ನೊಂದು ಜನರ ಮನೆ. ಮರುದಿನದ ದೋಸೆಗೆ ಎರಡು ಸೇರು ಅಕ್ಕಿ ಎಂದರೆ ಗಂಟೆ ಮೀರುವ ಕೆಲಸ. ಅಕ್ಕ ಮಣೆಯ ಮೇಲೆ ಒಂದು ಕಾಲು ಮಡಚಿ, ಇನ್ನೊಂದನ್ನು ಚಾಚಿ ಕೂತು ಗುಂಡು ತಿರುಗಿಸುತ್ತಿದ್ದಳು. ಎದುರಿಗೆ ಕೂತ ಅಜ್ಜಿ ಒರಳಿನ ಅಂಚಿಗೆ ಹತ್ತಿದ ಹಿಟ್ಟನ್ನು ಬೆರಳಲ್ಲಿ ಒಳಕ್ಕೆ ದೂಡುತ್ತಿದ್ದರು. ಗುಂಡು ಅತ್ತ ಹೋದಾಗ ಕೈ ಇತ್ತ, ಇತ್ತ ಬರುವಷ್ಟರಲ್ಲಿ ಕೈ ಹೊರಗೆ. ಲಯ ತಪ್ಪಿದರೆ ಬೆರಳು ಜಜ್ಜಿತು ಎಂದೇ. ಅಜ್ಜಿಯ ಬಲಗೈಯ ನಡುಬೆರಳಿನ ಉಗುರು ಎರಡು ಸೀಳಾಗಿಯೇ ಬೆಳೆಯುತ್ತಿತ್ತು. ನಡುವೆ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿ, "ಇನ್ನೂ ತರಿ ಉಂಟು, ತಿರುಗಿಸು" ಎನ್ನುತ್ತಿದ್ದರು. ಅಕ್ಕನಿಗೆ ಆಗ ಹನ್ನೆರಡು ವರ್ಷ. ಕೊನೆಗೆ ಗುಂಡು ಎತ್ತಿ ಕಲ್ಲು ತೊಳೆದ ನೀರು ದನದ ಕಲಗಚ್ಚಿಗೆ ಹೋಗುತ್ತಿತ್ತು.

1984ರಲ್ಲಿ ಅಡಿಕೆ ಮಂಡಿಗೆ ಹಾಕಿ ಬಂದ ಅಪ್ಪಯ್ಯನ ಕೈಯಲ್ಲಿ ಸುಮೀತ್ ಮಿಕ್ಸಿಯ ಪೆಟ್ಟಿಗೆ ಇತ್ತು. ಆ ಮಿಕ್ಸಿ ಹುಟ್ಟಿದ ಕತೆಯೂ ಅಡುಗೆಮನೆಯದ್ದೇ. ಸೀಮೆನ್ಸ್‌ನಲ್ಲಿ ಇಂಜಿನಿಯರ್ ಆಗಿದ್ದ ಸತ್ಯಪ್ರಕಾಶ್ ಮಾಥುರ್ ಅವರ ಹೆಂಡತಿಯ ಬಳಿ ಜರ್ಮನಿಯ ಬ್ರೌನ್ ಮಿಕ್ಸರ್ ಇತ್ತಂತೆ. ನಮ್ಮ ಮಸಾಲೆ ಅರೆದು ಅದರ ಮೋಟರು ಸುಟ್ಟುಹೋಯಿತು. ಹಣ್ಣಿನ ರಸ ಮಾಡುವ ಯಂತ್ರಕ್ಕೆ ಒಣಕೊಬ್ಬರಿ, ಅರಿಶಿನದ ಕೊಂಬು ಕೊಟ್ಟರೆ ಇನ್ನೇನಾದೀತು! ಮಾಥುರ್ ಕೂತು ನಮ್ಮ ಅಡುಗೆ ತಡೆಯುವ ಮೋಟರನ್ನೇ ಮಾಡಿದರು.

ನಮ್ಮ ಮನೆಯಲ್ಲಿ ಮೊದಲ ದಿನ ಅದರ ಸದ್ದಿಗೆ ಕೊಟ್ಟಿಗೆಯ ದನ ಹಗ್ಗ ಜಗ್ಗಿತು. ಸಂಜೆಯ ವೋಲ್ಟೇಜಿಗೆ ಮಿಕ್ಸಿ ಗುಂಯ್ ಎಂದು ನರಳಿ ನಿಲ್ಲುತ್ತಿತ್ತು. ಅದರ ಹೊಟ್ಟೆಯಡಿಯ ಕೆಂಪು ಗುಂಡಿ ಒತ್ತುವ ಹುದ್ದೆ ನನ್ನದು. ತಿಥಿಯ ಅಡುಗೆಗೆ ಮಾತ್ರ ಮಿಕ್ಸಿ ಕೂಡದು ಎಂದು ಅಜ್ಜಿ ಕಟ್ಟುನಿಟ್ಟು ಮಾಡಿದ್ದರು. ಚಿಕ್ಕಪ್ಪ ಹಿಸೆ ತೆಗೆದುಕೊಂಡು ಬೇರೆಯಾಗಿ, ರುಬ್ಬಲು ಚಿಕ್ಕಮ್ಮ ಇಲ್ಲದ ವರ್ಷ, "ಪಿತೃಗಳಿಗೆ ಏನು ಗೊತ್ತಾಗ್ತದೆ ಬಿಡು" ಎಂದು ಅಜ್ಜಿಯೇ ಸ್ವಿಚ್ಚು ಹಾಕಿದರು.

ಕೇಳಿದವರಿಗೆ ನಾನು ಹೇಳುವ ಅಸಲು ಉತ್ತರ ಇಲ್ಲಿಂದ ಶುರು. ಮಿಕ್ಸಿ ಬಂದ ಮೇಲೆ ಅಕ್ಕ ಸಂಜೆ ಪುಸ್ತಕ ಹಿಡಿದು ಕೂತಳು, ಎಸ್ಸೆಸ್ಸೆಲ್ಸಿ ಪಾಸಾದಳು. ಅದೊಂದಕ್ಕೇ ಆ ಮಿಕ್ಸಿಗೆ ಆಯುಧಪೂಜೆಯ ಕುಂಕುಮ ಸಲ್ಲಬೇಕು. ಅಜ್ಜಿಯ ಬೆರಳಿಗೂ ಬಿಡುಗಡೆ ಸಿಕ್ಕಿತು. ಸಿಗದೆ ಹೋದದ್ದು ಅಮ್ಮನಿಗೆ. ಮೊದಲು ದೋಸೆ ವಾರಕ್ಕೆ ಒಂದು ದಿನ, ಅದೂ ಮುಂಚೆಯೇ ಎಲ್ಲರಿಗೂ ಗೊತ್ತಿರುವ ಸಂಭ್ರಮ. ಆಮೇಲೆ ವಾರಕ್ಕೆ ನಾಲ್ಕು ದಿನ. "ಮಿಕ್ಸಿ ಉಂಟಲ್ಲ, ಎರಡು ನಿಮಿಷದ ಕೆಲಸ" ಎಂಬ ಮಾತು ಮನೆಯ ಗಂಡಸರ ಬಾಯಿಗೆ ಬಂತು. ರಾತ್ರಿ ಒಂಬತ್ತಕ್ಕೆ ನೆಂಟರು ಬಂದರೂ ತಂಬುಳಿ ಆಗಬೇಕು, ಚಟ್ನಿ ಆಗಬೇಕು. ಹಿಂದೆ ರುಬ್ಬುವುದು ಮೂರು ಹೆಂಗಸರ ಕೆಲಸವಾಗಿತ್ತು, ಆ ಒಂದು ಗಂಟೆಯಲ್ಲಿ ಊರಿನ ಸುದ್ದಿಯೆಲ್ಲ ಅರೆದು ಮುಗಿಯುತ್ತಿತ್ತು. ಈಗ ಅಮ್ಮ ಒಬ್ಬಳೇ. ಮಿಕ್ಸಿಯ ಸದ್ದಿನಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಹಾಗಂತ ಒರಳಿಗೆ ವಾಪಸು ಹೋಗುತ್ತೀಯಾ ಎಂದು ಅಮ್ಮನನ್ನು ಕೇಳಿದರೆ, "ನಿಂಗೆ ತಲೆ ಸರಿ ಉಂಟಾ?" ಎನ್ನುತ್ತಾಳೆ.

ಹೋದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಚಿಕ್ಕಮ್ಮನ ಮಗ ಬಂದಿದ್ದ. ಒರಳು ಕಂಡು, "ದೊಡ್ಡಮ್ಮ, ಇವತ್ತು ಚಟ್ನಿ ಇದರಲ್ಲೇ" ಎಂದ. ಅಮ್ಮ ಬೇಡ ಎನ್ನಲಿಲ್ಲ. "ತಿರುಗಿಸು ಮಾರಾಯ, ನಾನು ದೂಡಿಕೊಡ್ತೀನಿ" ಎಂದಳು. ಬಾಗಿಲ ಒತ್ತಿಗಿದ್ದ ಗುಂಡನ್ನು ಇಬ್ಬರು ಸೇರಿ ತಂದು ತೊಳೆದೆವು. ಹದಿನೈದು ಸುತ್ತು ತಿರುಗಿಸಿದ, ಫೋಟೋ ತೆಗೆಸಿಕೊಂಡ, ಭುಜ ಹಿಡಿದುಕೊಂಡು ಫೋನ್ ಬಂತೆಂದು ಎದ್ದುಹೋದ. ಅಮ್ಮ ಒರಳಿನಲ್ಲಿದ್ದುದನ್ನೆಲ್ಲ ಬಳಿದು ಜಾರಿಗೆ ಹಾಕಿ ಒಂದು ಸುತ್ತು ಮಿಕ್ಸಿ ತಿರುಗಿಸಿದಳು.

ಊಟಕ್ಕೆ ಕೂತಾಗ ಬೆರಳು ನೆಕ್ಕುತ್ತ, "ನೋಡಿ, ಕಲ್ಲಿನ ರುಚಿಯೇ ಬೇರೆ" ಎಂದ. ಅಮ್ಮ ನನ್ನ ಕಡೆ ನೋಡದೆ, ಅವನ ಬಾಳೆಲೆಗೆ ಇನ್ನೊಂದು ಚಮಚ ಚಟ್ನಿ ಬಡಿಸಿದಳು.