ಪಾಸ್‌ವರ್ಡ್ ಹ್ಯಾಶ್: ಅಲ್ಗಾರಿದಂ ಸರಿಯಿದ್ದರೂ ಸೋರುವುದೆಲ್ಲಿ?

2015ರಲ್ಲಿ ಆಶ್ಲೇ ಮ್ಯಾಡಿಸನ್ ಜಾಲತಾಣದ ಡೇಟಾಬೇಸ್ ಬಯಲಾಯಿತು. ಅದರಲ್ಲಿದ್ದ ಪಾಸ್‌ವರ್ಡ್‌ಗಳು ಬಿಕ್ರಿಪ್ಟ್ ಎಂಬ, ಬೇಕೆಂದೇ ನಿಧಾನವಾಗಿಸಿದ ಅಲ್ಗಾರಿದಂನಲ್ಲಿ, ಕಾಸ್ಟ್ (ನಿಧಾನದ ಮಟ್ಟ) 12 ಇಟ್ಟು ಹ್ಯಾಶ್ (ಹಿಂದಕ್ಕೆ ತಿರುಗಿಸಲಾಗದ ಸಂಕೇತ) ಆಗಿದ್ದವು. ಅಂದರೆ ಒಂದೊಂದು ಊಹೆಗೂ 4096 ಸುತ್ತು ಲೆಕ್ಕ. ಆ ಕಾಲಕ್ಕೆ ಅದು ಚೆನ್ನಾದ ಏರ್ಪಾಡೇ. ಆದರೂ ಸೈನೋಶೂರ್ ಪ್ರೈಮ್ ಎಂಬ ಹವ್ಯಾಸಿ ತಂಡ 1.1 ಕೋಟಿಗೂ ಹೆಚ್ಚು ಪಾಸ್‌ವರ್ಡ್‌ಗಳನ್ನು ಬಿಡಿಸಿತು. ನೇರವಾಗಿ ಬಿಕ್ರಿಪ್ಟ್ ಒಡೆಯಲು ಅವರು ಹೋಗಲಿಲ್ಲ. ಅದೇ ಡೇಟಾಬೇಸ್‌ನ ಇನ್ನೊಂದು ಕಾಲಂನಲ್ಲಿ, ತಾನಾಗಿ ಲಾಗಿನ್ ಆಗಲೆಂದು ಇಟ್ಟಿದ್ದ ಟೋಕನ್ ಇತ್ತು. ಬಹಳಷ್ಟು ಖಾತೆಗಳಲ್ಲಿ ಅದನ್ನು ತಯಾರಿಸಿದ್ದು ಬಳಕೆದಾರರ ಹೆಸರು, ಪಾಸ್‌ವರ್ಡ್ ಎರಡನ್ನೂ ಚಿಕ್ಕಕ್ಷರಕ್ಕೆ ಇಳಿಸಿ, ಎಂಡಿ5 ಎಂಬ ಹಳೆಯ, ವೇಗದ ಹ್ಯಾಶ್ ಹಾಕಿ. ಎಂಡಿ5 ಮೇಲೆ ಊಹಿಸಿ, ಸಿಕ್ಕ ಪದದ ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಹೊಂದಿಸಿ, ಬಿಕ್ರಿಪ್ಟ್‌ನಲ್ಲಿ ತಾಳೆ ನೋಡಿದರೆ ಕೆಲಸ ಮುಗಿಯಿತು.

ಪಾಸ್‌ವರ್ಡ್ ಕಾಯುವ ಗಣಿತದ ಬಗ್ಗೆ ಸಂಶೋಧನೆ ಬಹಳ ಮುಂದೆ ಹೋಗಿದೆ. ಸೋರುತ್ತಿರುವುದು ಆ ಗಣಿತದ ಸುತ್ತ ನಾವು ಬರೆಯುವ ಕೋಡ್‌ನಲ್ಲಿ, ಮತ್ತು ಅದಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ.

ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ ಸಾಲ್ಟ್ (ಪ್ರತಿ ಪಾಸ್‌ವರ್ಡ್‌ಗೂ ಬೆರೆಸುವ ಬೇರೆ ಬೇರೆ ಯಾದೃಚ್ಛಿಕ ಬೈಟ್‌ಗಳು) ಏಕೆ ಬೇಕು, ಹ್ಯಾಶ್ ಏಕೆ ನಿಧಾನವಾಗಿರಬೇಕು ಎಂದು ಬರೆದಿಟ್ಟರು. ಅವರು ಸಂಗ್ರಹಿಸಿದ 3,289 ಪಾಸ್‌ವರ್ಡ್‌ಗಳಲ್ಲಿ 86 ಶೇಕಡಾ ಸುಲಭದ ಊಹೆಗೆ ಸಿಕ್ಕಿದ್ದವು. 1999ರಲ್ಲಿ ಬಿಕ್ರಿಪ್ಟ್ ಬಂತು, 2009ರಲ್ಲಿ ಎಸ್‌ಕ್ರಿಪ್ಟ್. 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಆರ್ಗಾನ್2 ಗೆದ್ದಿತು. 2021ರಲ್ಲಿ ಅದು ಆರ್‌ಎಫ್‌ಸಿ 9106 ಎಂಬ ಅಂತರ್ಜಾಲ ತಾಂತ್ರಿಕ ದಾಖಲೆಯಾಗಿ ಪ್ರಕಟವಾಯಿತು.

ಹೊಸದಾಗಿ ಕಟ್ಟುವವರು ಆರ್ಗಾನ್2ರ ಒಂದು ಬಗೆಯಾದ ಆರ್ಗಾನ್2ಐಡಿಯನ್ನೇ ತೆಗೆದುಕೊಳ್ಳಲಿ. ಅದರ ಬಲ ಇರುವುದು ಮೆಮೊರಿಯಲ್ಲಿ. ಬಿಕ್ರಿಪ್ಟ್‌ನ ಒಂದು ಊಹೆಗೆ ಸುಮಾರು 4 ಕೆಬಿ ಸಾಕು. ಆರ್ಗಾನ್2ಗೆ 64 ಎಂಬಿ ಕೊಟ್ಟರೆ, 24 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಏಕಕಾಲಕ್ಕೆ ಹೆಚ್ಚೆಂದರೆ 384 ಊಹೆ ನಡೆಯಬಹುದು, ಕಾರ್ಡ್‌ನಲ್ಲಿ ಎಷ್ಟೇ ಸಾವಿರ ಕೋರ್‌ಗಳಿರಲಿ. ಆರ್‌ಎಫ್‌ಸಿಯ ಎರಡನೇ ಶಿಫಾರಸು ಇದೇ: 64 ಎಂಬಿ, 3 ಸುತ್ತು, 4 ಲೇನ್ (ಸಮಾಂತರ ಎಳೆಗಳು), 16 ಬೈಟ್ ಸಾಲ್ಟ್, 32 ಬೈಟ್ ಫಲಿತ. ಸಣ್ಣ ಸರ್ವರ್‌ಗೆ ಇದು ಭಾರವಾದರೆ ವೆಬ್ ಸುರಕ್ಷತೆಯ ಸಂಸ್ಥೆ ಓವಾಸ್ಪ್ ಹೇಳುವ 19 ಎಂಬಿ, 2 ಸುತ್ತು, 1 ಲೇನ್‌ಗೆ ಇಳಿಯಬಹುದು. ಅದಕ್ಕಿಂತ ಕೆಳಗೆ ಬೇಡ.

ಆದರೆ ಅದೇ ಮೆಮೊರಿಯನ್ನು ನಿಮ್ಮ ಸರ್ವರ್ ಕೂಡ ಒದಗಿಸಬೇಕು. 50 ಜನ ಒಟ್ಟಿಗೆ ಲಾಗಿನ್ ಒತ್ತಿದರೆ 64 ಎಂಬಿ ಲೆಕ್ಕದಲ್ಲಿ 3.1 ಜಿಬಿ ಬೇಕು. 2 ಜಿಬಿ ಮಿತಿಯ ಕಂಟೇನರ್ ಅಲ್ಲೇ ಸಾಯುತ್ತದೆ. ಬೇಕೆಂದೇ ಸಾವಿರ ಸುಳ್ಳು ಲಾಗಿನ್ ಕಳಿಸಿ ಸೇವೆಯನ್ನು ಕೆಡವುವುದೂ ಸುಲಭವಾಗುತ್ತದೆ. ಆದ್ದರಿಂದ ಹ್ಯಾಶ್ ಕೆಲಸಕ್ಕೆ ಪ್ರತ್ಯೇಕ ಸರದಿ ಇಟ್ಟು, ಏಕಕಾಲಕ್ಕೆ ಎಂಟೋ ಹತ್ತೋ ಮಾತ್ರ ನಡೆಯುವಂತೆ ಕಟ್ಟಿಹಾಕಿ. ವೇಗವನ್ನು ಅಳೆಯಬೇಕಾದದ್ದು ನಿಜವಾದ ಸರ್ವರ್ ಮೇಲೆ, ಲ್ಯಾಪ್‌ಟಾಪ್ ಮೇಲೆ ಅಳೆದ ಅಂಕಿ ಲೆಕ್ಕಕ್ಕಿಲ್ಲ. ಒಂದು ಹ್ಯಾಶ್‌ಗೆ ಕಾಲು ಸೆಕೆಂಡ್ ಹಿಡಿದರೆ ಬಳಕೆದಾರರಿಗೆ ಗೊತ್ತೂ ಆಗುವುದಿಲ್ಲ.

ಇಲ್ಲೇ ಇನ್ನೊಂದು ಸೋರಿಕೆ. ಆ ಹೆಸರಿನ ಖಾತೆಯೇ ಇಲ್ಲದಿದ್ದರೆ ಎಷ್ಟೋ ಕೋಡ್‌ಗಳು ಹ್ಯಾಶ್ ಮಾಡದೆ ತಕ್ಷಣ ತಪ್ಪು ಸಂದೇಶ ಕಳಿಸುತ್ತವೆ. ಕೆಲವು ಮಿಲಿಸೆಕೆಂಡ್ ಒಂದು ಕಡೆ, ಕಾಲು ಸೆಕೆಂಡ್ ಇನ್ನೊಂದು ಕಡೆ: ಯಾರ ಖಾತೆ ಇದೆ, ಯಾರದ್ದಿಲ್ಲ ಎಂದು ಗಡಿಯಾರವೇ ಹೇಳಿಬಿಡುತ್ತದೆ. ಖಾತೆ ಸಿಗದಾಗಲೂ ಒಂದು ಸುಳ್ಳು ಹ್ಯಾಶ್ ಜೊತೆ ಹೋಲಿಸಿಯೇ ಉತ್ತರ ಕೊಡಿ.

ಬಿಕ್ರಿಪ್ಟ್ ಉಳಿಸಿಕೊಂಡವರು ಗಮನಿಸಬೇಕಾದದ್ದು 72 ಬೈಟ್ ಮಿತಿ. ಅದರಾಚೆಯದನ್ನು ಹಲವು ಲೈಬ್ರರಿಗಳು ಸದ್ದಿಲ್ಲದೆ ಬಿಟ್ಟುಬಿಡುತ್ತವೆ. ಇಂಗ್ಲಿಷ್‌ನಲ್ಲಿ ಟೈಪಿಸುವವರಿಗೆ 72 ಎಂದರೆ ಬೇಕಾದಷ್ಟು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯುನಿಕೋಡ್ ಸಂಕೇತಕ್ಕೆ 3 ಬೈಟ್. 'ಕ್ಷ್ಮಿ' ಕಣ್ಣಿಗೆ ಒಂದೇ ಅಕ್ಷರ, ಒಳಗೆ 6 ಸಂಕೇತ, 18 ಬೈಟ್. ಅಂಥ ನಾಲ್ಕಕ್ಕೇ ಮಿತಿ ಮುಗಿಯಿತು. ಉದ್ದನೆಯ ಕನ್ನಡ ವಾಕ್ಯವನ್ನು ಪಾಸ್‌ವರ್ಡ್ ಮಾಡಿಕೊಂಡವರ ವಾಕ್ಯದ ಬಾಲ ಪರೀಕ್ಷೆಗೇ ಬರುವುದಿಲ್ಲ.

ಕನ್ನಡಕ್ಕೆ ಇನ್ನೂ ಒಂದು ತೊಡಕಿದೆ. 'ಕೊ' ಬರೆಯಲು ಒಂದೇ ಸ್ವರಚಿಹ್ನೆಯ ಸಂಕೇತ ಬಳಸಬಹುದು, ಅಥವಾ ಎ ಕಾರ ಮತ್ತು ಊ ಕಾರದ ಚಿಹ್ನೆಗಳನ್ನು ಜೋಡಿಸಬಹುದು. ತೋರುವುದು ಒಂದೇ ರೂಪ, ಬೈಟ್‌ಗಳು ಬೇರೆ, ಹ್ಯಾಶ್ ಪೂರ್ತಿ ಬೇರೆ. ಕೀಲಿಮಣೆ ಬದಲಾದರೆ ಸರಿಯಾದ ಪಾಸ್‌ವರ್ಡ್ ಕೂಡ ತಪ್ಪೆನಿಸಿಕೊಳ್ಳಬಹುದು. ಹ್ಯಾಶ್‌ಗೆ ಮುನ್ನ ಎನ್‌ಎಫ್‌ಸಿ ಎಂಬ ಯುನಿಕೋಡ್‌ನ ಏಕರೂಪಕ್ಕೆ ತನ್ನಿ, ನೋಂದಣಿಯಲ್ಲೂ ಲಾಗಿನ್‌ನಲ್ಲೂ. 'ಪಾಸ್‌ವರ್ಡ್' ಪದದ ನಡುವೆ ಕೂರುವ ಅದೃಶ್ಯ ಜೋಡಣೆತಡೆ ಸಂಕೇತವನ್ನು ಮಾತ್ರ ಎನ್‌ಎಫ್‌ಸಿ ತೆಗೆಯುವುದಿಲ್ಲ. ಅದನ್ನು ಇಟ್ಟುಕೊಳ್ಳುವುದೋ ಬಿಡುವುದೋ ಮೊದಲ ದಿನವೇ ತೀರ್ಮಾನಿಸಿ. ಆಮೇಲೆ ಬದಲಿಸಿದರೆ ಹಳಬರು ಹೊರಗುಳಿಯುತ್ತಾರೆ.

72ರ ಮಿತಿ ಎಷ್ಟು ಅಪಾಯ ತರಬಹುದು ಎಂಬುದಕ್ಕೆ 2024ರಲ್ಲಿ ಲಾಗಿನ್ ಸೇವೆ ಒದಗಿಸುವ ಆಕ್ಟಾ ಕಂಪನಿ ಪ್ರಕಟಿಸಿದ ದೋಷ ನೋಡಿ. ಕ್ಯಾಶ್‌ನ (ತಾತ್ಕಾಲಿಕ ಸಂಗ್ರಹದ) ಕೀಲಿಗಾಗಿ ಬಳಕೆದಾರರ ಐಡಿ, ಹೆಸರು, ಪಾಸ್‌ವರ್ಡ್ ಮೂರನ್ನೂ ಇದೇ ಕ್ರಮದಲ್ಲಿ ಜೋಡಿಸಿ ಬಿಕ್ರಿಪ್ಟ್‌ಗೆ ಕೊಡಲಾಗಿತ್ತು. ಹೆಸರು 52 ಅಕ್ಷರ ಅಥವಾ ಹೆಚ್ಚಿದ್ದರೆ ಐಡಿ, ಹೆಸರುಗಳೇ ಮಿತಿಯನ್ನು ತುಂಬಿಬಿಡುತ್ತಿದ್ದವು; ಆಗ, ಹಿಂದಿನ ಯಶಸ್ವಿ ಲಾಗಿನ್ ಕ್ಯಾಶ್‌ನಲ್ಲಿದ್ದಾಗ, ಕೆಲವು ಸಂದರ್ಭಗಳಲ್ಲಿ ಪಾಸ್‌ವರ್ಡ್ ಗೊತ್ತಿಲ್ಲದೆಯೂ ಒಳಗೆ ಹೋಗಬಹುದಿತ್ತು.

ಮಿತಿ ತಪ್ಪಿಸಲು ಹಲವರು ಮೊದಲು ಎಸ್‌ಎಚ್‌ಎ-256 ಎಂಬ ವೇಗದ ಹ್ಯಾಶ್ ಹಾಕಿ ಅದರ ಫಲಿತವನ್ನು ಬಿಕ್ರಿಪ್ಟ್‌ಗೆ ಕೊಡುತ್ತಾರೆ. ಕಚ್ಚಾ ಬೈಟ್‌ಗಳನ್ನೇ ಕೊಟ್ಟರೆ ಹೊಸ ಗುಂಡಿ ತೋಡಿದಂತೆ. ಕೆಲವು ಲೈಬ್ರರಿಗಳು ಸೊನ್ನೆ ಬೈಟ್ ಕಂಡಲ್ಲಿ ಓದು ನಿಲ್ಲಿಸುತ್ತವೆ. ಸರಾಸರಿ 256ರಲ್ಲಿ ಒಂದು ಫಲಿತ ಸೊನ್ನೆಯಿಂದಲೇ ಶುರುವಾಗುತ್ತದೆ. ಅಂಥ ಪಾಸ್‌ವರ್ಡ್‌ಗಳೆಲ್ಲ ಖಾಲಿ ಪಾಸ್‌ವರ್ಡ್‌ಗೆ ಸಮ. ಸರ್ವರ್‌ನಲ್ಲಿ ಗುಟ್ಟಾಗಿಟ್ಟ ಕೀಲಿಯೊಂದಿಗೆ ಎಚ್‌ಮ್ಯಾಕ್ ಎಸ್‌ಎಚ್‌ಎ-384 (ಕೀಲಿ ಬೆರೆಸಿದ ಹ್ಯಾಶ್) ಮಾಡಿ, ಬೇಸ್64ಕ್ಕೆ (ಬೈಟ್‌ಗಳನ್ನು ಸಾದಾ ಅಕ್ಷರಗಳಲ್ಲಿ ಬರೆಯುವ ರೀತಿಗೆ) ತಿರುಗಿಸಿ. ಬರುವುದು 64 ಅಕ್ಷರ, 72ರೊಳಗೆ ಕೂರುತ್ತದೆ. ಕೀಲಿಯನ್ನು ಡೇಟಾಬೇಸ್‌ನಲ್ಲಿ ಇಡಬೇಡಿ.

ಇನ್ನು ಹಳೆಯ ಎಂಡಿ5 ಹ್ಯಾಶ್‌ಗಳ ವಲಸೆ. ಪ್ರತಿಯೊಬ್ಬರೂ ಲಾಗಿನ್ ಆಗುವ ತನಕ ಕಾಯುತ್ತ ಕೂತರೆ, ಬಾರದವರ ಹ್ಯಾಶ್ ವರ್ಷಗಟ್ಟಲೆ ಬೆತ್ತಲೆಯಾಗಿಯೇ ಇರುತ್ತದೆ. ಇರುವ ಎಂಡಿ5 ಮೇಲೆಯೇ ಆರ್ಗಾನ್2ಐಡಿ ಹೊದಿಸಿ, ಯಾವ ಸಾಲು ಹೊದಿಕೆಯದ್ದು ಎಂದು ಗುರುತಿಡಿ. ಲಾಗಿನ್ ಆದ ಕೂಡಲೇ ನೇರ ಪಾಸ್‌ವರ್ಡ್‌ನಿಂದ ಹೊಸದಾಗಿ ಹ್ಯಾಶ್ ಮಾಡಿ ಗುರುತು ತೆಗೆಯಿರಿ. ಈ ಹೊದಿಕೆ ತಾತ್ಕಾಲಿಕ. ಸಾಲ್ಟ್ ಇಲ್ಲದ ಅದೇ ಎಂಡಿ5 ಬೇರೆ ಜಾಲತಾಣದ ಸೋರಿಕೆಯಲ್ಲಿ ಸಿಕ್ಕಿದ್ದರೆ, ದಾಳಿಕೋರರು ಅದನ್ನೇ ಊಹೆಯಾಗಿ ಬಳಸಿ ಹೊದಿಕೆ ಕಳಚುತ್ತಾರೆ, ಆಮೇಲೆ ಒಳಗಿನ ಎಂಡಿ5 ಒಡೆಯುವುದು ಎಷ್ಟು ಹೊತ್ತು? ವರ್ಷ ಕಳೆದರೂ ಬಾರದವರ ಹ್ಯಾಶ್ ಅಳಿಸಿ, ಬಂದಾಗ ಪಾಸ್‌ವರ್ಡ್ ಮರುಹೊಂದಿಸುವಂತೆ ಕೇಳಿ. ಕಾಲಂನ ಉದ್ದವನ್ನು ಮೊದಲೇ 255ಕ್ಕೆ ಏರಿಸಿಕೊಳ್ಳಿ. ಬಿಕ್ರಿಪ್ಟ್ ಸಾಲು 60 ಅಕ್ಷರ, ಮೇಲಿನ 64 ಎಂಬಿ ಲೆಕ್ಕದ ಆರ್ಗಾನ್2ಐಡಿ ಸಾಲು 97. ಕಟ್ಟುನಿಟ್ಟಿನ ಮೋಡ್ ಇಲ್ಲದ ಮೈಎಸ್‌ಕ್ಯೂಎಲ್ ಡೇಟಾಬೇಸ್ ಕಾಲಂನಲ್ಲಿ ಹಿಡಿಸದ ಹೆಚ್ಚಿನದನ್ನು ಕತ್ತರಿಸಿ ಉಳಿಸಿಕೊಳ್ಳುತ್ತದೆ. ಆಮೇಲೆ ಒಬ್ಬರೂ ಲಾಗಿನ್ ಆಗಲಾರರು.

ಲಾಗ್ ಕಡತಗಳನ್ನು ಮರೆಯಬೇಡಿ. ಹ್ಯಾಶ್ ಆಗುವ ಮುನ್ನವೇ ಪಾಸ್‌ವರ್ಡ್‌ಗಳು ಒಳಗಿನ ಲಾಗ್‌ಗೆ ಬರೆದುಹೋಗಿದ್ದರಿಂದ 2018ರ ಮೇನಲ್ಲಿ ಟ್ವಿಟರ್ ತನ್ನ ಎಲ್ಲ ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸುವ ಸಲಹೆ ಕೊಡಬೇಕಾಯಿತು. ಅಲ್ಲಿ ಬಳಸುತ್ತಿದ್ದದ್ದೂ ಬಿಕ್ರಿಪ್ಟೇ. ಪರೀಕ್ಷೆ ಸುಲಭ: ಎಲ್ಲೂ ಬಾರದಂಥ ವಿಚಿತ್ರ ಪಾಸ್‌ವರ್ಡ್ ಇಟ್ಟು ಒಂದು ಖಾತೆ ತೆರೆಯಿರಿ. ಸರಿಯಾಗಿ ಲಾಗಿನ್ ಮಾಡಿ, ಮರುಹೊಂದಿಸಿ, ಬೇಕೆಂದೇ ಫಾರಂ ಕೆಡಿಸಿ ಎರರ್ ಬರಿಸಿ, ಪಾಸ್‌ವರ್ಡನ್ನು ಹೆಸರಿನ ಜಾಗದಲ್ಲಿ ತುಂಬಿ ಒತ್ತಿ (ಜನ ಅವಸರದಲ್ಲಿ ಮಾಡುವುದು ಇದನ್ನೇ). ಆಮೇಲೆ ಸರ್ವರ್ ಲಾಗ್, ಪ್ರಾಕ್ಸಿ ಲಾಗ್, ಎರರ್ ವರದಿ ಮಾಡುವ ಸೇವೆ ಎಲ್ಲದರಲ್ಲೂ ಆ ಪದ ಹುಡುಕಿ. ಬೇಸ್64 ರೂಪದಲ್ಲೂ ಒಮ್ಮೆ ಹುಡುಕಿ.

ಕಡೆಯದಾಗಿ ಬ್ಯಾಕಪ್. ಎಂಡಿ5 ಕಾಲಂ ಅಳಿಸಿದ ದಿನವೂ ಅದು ಹಳೆಯ ಬ್ಯಾಕಪ್‌ಗಳಲ್ಲಿ, ಪರೀಕ್ಷೆಗೆಂದು ನಕಲು ಮಾಡಿಕೊಂಡ ಡೇಟಾಬೇಸ್‌ಗಳಲ್ಲಿ ಇದ್ದೇ ಇರುತ್ತದೆ. ಬ್ಯಾಕಪ್‌ಗಳನ್ನು 90 ದಿನ ಇಡುವ ರೂಢಿಯಿದ್ದರೆ, ವಲಸೆಯ ಕೆಲಸಪಟ್ಟಿಯ ಕೊನೆಯ ಸಾಲಿಗೆ 91ನೇ ದಿನದ ತಾರೀಕು ಬರೆದಿಟ್ಟು, ಅಂದು ಕೊನೆಯ ಹಳೆಯ ಪ್ರತಿ ಹೋಗಿದೆಯೇ ಎಂದು ಕಣ್ಣಾರೆ ನೋಡಿ ಗೀಟು ಹಾಕಿ.