43 ಕಿಲೋದ ಕಾಕಾ

ಗುಳೇದಗುಡ್ಡದ ನಮ್ಮ ಕಾಕಾ ಖಣ ನೇಯುವವರು. ನೂಲನ್ನು ಕಣ್ಣೆದುರೇ ತೂಗಿಸಿಕೊಳ್ಳದೆ ಮನೆಗೆ ತರುವವರಲ್ಲ. ಅವರಿಗೆ ಟಿಬಿ ಬಂದಾಗ ಎಡವಟ್ಟಾಗಿದ್ದೂ ತೂಕದಲ್ಲೇ.

ಮೊದಲು ಎರಡು ತಿಂಗಳು ಕೆಮ್ಮು. ಒಂದು ಖಾಸಗಿ ದವಾಖಾನೆಯಲ್ಲಿ ಸಿರಪ್ಪು, ಇಂಜೆಕ್ಷನ್, ಆಮೇಲೆ ಲೆವೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್ ಗುಳಿಗೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು ಅಂತ ಗೋಡೆ ಗೋಡೆಗೂ ಬರೆದಿರುತ್ತಾರೆ, ಅಲ್ವಾ? ಅಲ್ಲಿ ಯಾರೂ ಹೇಳಲಿಲ್ಲ. ಆ ಗುಳಿಗೆಗೆ ಟಿಬಿ ಒಂದಷ್ಟು ದಿನ ತಣ್ಣಗಾಗುತ್ತದೆ, ಹೋಗುವುದಿಲ್ಲ. "ಆರಾಮಾತು" ಅಂತ ಕಾಕಾ ಮಗ್ಗಕ್ಕೆ ಕೂತರು. ಇಪ್ಪತ್ತು ದಿನಕ್ಕೆ ಮತ್ತೆ ಜ್ವರ.

ಸರ್ಕಾರಿ ಕಡೆ ಹೋದ ಮೇಲೆ ಕೆಲಸ ಚುರುಕಾಗಿಯೇ ನಡೆಯಿತು. ಸಿಬಿನ್ಯಾಟ್ ಅನ್ನುವ ಮಷಿನ್‌ನಲ್ಲಿ ಕಫ ಪರೀಕ್ಷೆ, ಶುಗರ್, ಎಚ್‌ಐವಿ ಟೆಸ್ಟ್, ಟಿಬಿ ರೋಗಿಗಳ ಸರ್ಕಾರಿ ದಾಖಲೆ ನಿಕ್ಷಯ್‌ನಲ್ಲಿ ಹೆಸರು, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬರಲು ಬ್ಯಾಂಕ್ ಖಾತೆ. ದಿನಕ್ಕೆ ನಾಲ್ಕು ಗುಳಿಗೆ ಅಂತ ಕೊಟ್ಟು ಕಳಿಸಿದರು.

ಮೂರು ವಾರದ ಮೇಲೆ ನಾನು ಹೋದಾಗ ಕಾಕಾ ಕಟ್ಟೆ ಮೇಲೆ ಮುದುಡಿ ಕೂತಿದ್ದರು. ಗುಳಿಗೆ ನುಂಗಿದ ತಾಸಿಗೆ ವಾಂತಿ. ಮೂತ್ರ ಕೇಸರಿ ಬಣ್ಣ ಆಗೇತಿ ಅಂತ ಕಾಕಿಗೆ ಬೇರೆ ದಿಗಿಲು. ಟಿಬಿ ಗುಳಿಗೆಯಲ್ಲಿರುವ ರಿಫಾಂಪಿಸಿನ್ ಔಷಧಿಗೆ ಆ ಬಣ್ಣ ಮಾಮೂಲು. ಮೊದಲೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಷ್ಟರಲ್ಲಿ ಟಿಬಿ ಕೆಲಸದ ಒಬ್ಬ ಅಕ್ಕ ಬಂದರು. ಚೀಲದಲ್ಲಿ ತೂಕದ ಯಂತ್ರ.

"ಕಾರ್ಡಿನ್ಯಾಗ 52 ಅಂತ ಬರದಾರ. ತೂಗಿದ್ರೇನ್ರಿ ಕಾಕಾರ?"

"ಇಲ್ರಿ ಬಾಯವ್ರ. ಎಷ್ಟದೀರಿ ಅಂದ್ರು, ಹೇಳಿದೆ."

ನಿಲ್ಲಿಸಿ ನೋಡಿದರೆ 43.

"ನಿಮ್ಮ ತಕ್ಕಡೀನ ಖೊಟ್ಟಿ ಐತಿ" ಅಂದರು ಕಾಕಾ. ಸುಮ್ನೆ ಅಂದಿದ್ದಲ್ಲ. ಒಳಗಿಂದ ಒಡೆಯದ 25 ಕಿಲೋ ಅಕ್ಕಿ ಚೀಲ ತರಿಸಿ ಯಂತ್ರದ ಮೇಲೆ ಇಡಿಸಿದರು. ಸರಿಯಾಗಿ 25 ತೋರಿಸಿತು. ಆಮೇಲೆ ಮಾತಿಲ್ಲ.

35ರಿಂದ 49 ಕಿಲೋದವರಿಗೆ ಮೂರು ಗುಳಿಗೆ. 50ರಿಂದ 64ರವರೆಗೆ ನಾಲ್ಕು. ಜಾಸ್ತಿಯಾದರೆ ಲಿವರ್‌ಗೆ ಪೆಟ್ಟು, ಕಡಿಮೆಯಾದರೆ ರೋಗ ಬಗ್ಗುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ಮಷಿನ್‌ನಲ್ಲಿ ಕಫ ನೋಡಿದವರು ಸಾವಿರ ರೂಪಾಯಿಯ ಯಂತ್ರದ ಮೇಲೆ ಮನುಷ್ಯನನ್ನು ನಿಲ್ಲಿಸಲಿಲ್ಲವಲ್ಲ ಅಂತ ನನಗೆ ಸಿಟ್ಟು ಬಂತು. ಅಕ್ಕ ಸಿಟ್ಟು ಮಾಡಲಿಲ್ಲ. ನಿಂತಲ್ಲೇ ಡಾಕ್ಟರಿಗೆ ಫೋನ್ ಹಚ್ಚಿದರು. ಇವತ್ತು ಗುಳಿಗೆ ಬೇಡ, ಲಿವರ್ ಟೆಸ್ಟ್ ಮಾಡಿಸಿ ಅಂದರಂತೆ.

ಹೊರಡುವ ಮೊದಲು ಅವರ ಕಣ್ಣು ಕಾಕಾನ ಮಗ್ಗುಲಲ್ಲಿ ಕೂತ ಮೊಮ್ಮಗನ ಮೇಲೆ ಬಿತ್ತು. ನಾಲ್ಕು ವರ್ಷದವನು, ರಾತ್ರಿ ಅಜ್ಜನ ಹತ್ತಿರವೇ ಮಲಗುವವನು. ಮನೆಯಲ್ಲಿ ಟಿಬಿ ಇದ್ದರೆ ಐದರೊಳಗಿನ ಮಕ್ಕಳನ್ನು ಪರೀಕ್ಷಿಸಿ, ರೋಗ ಇಲ್ಲದಿದ್ದರೂ ತಡೆಯಲು ಔಷಧಿ ಕೊಡಬೇಕು. ಮನೆಯಲ್ಲಿ ಯಾರ್ಯಾರು ಇದ್ದೀರಿ ಅಂತ ಅಲ್ಲಿಯವರೆಗೆ ಒಬ್ಬರೂ ಕೇಳಿರಲಿಲ್ಲ. ಹುಡುಗ ಆಟ ಅಂದುಕೊಂಡು ತಾನೇ ಯಂತ್ರ ಹತ್ತಿ ನಿಂತ.

ಕಾಕಾನ ಲಿವರ್ ಟೆಸ್ಟ್ ಸರಿಯಾಗಿ ಬಂತು. ಈಗ ಮೂರೇ ಗುಳಿಗೆ. ವಾಂತಿ ನಿಂತಿದೆ. ಕಾಕಿ ದಿನಾ ಎರಡು ಶೇಂಗಾ ಉಂಡಿ ಕೊಡುತ್ತಾರೆ. ಹೋದ ತಿಂಗಳು ಗುಳಿಗೆ ತರಲು ಹೋದಾಗ ಅಲ್ಲಿನ ತೂಕದ ಯಂತ್ರದ ಸೆಲ್ ಮುಗಿದಿತ್ತಂತೆ. ಕಾಕಾ ಸೀದಾ ನೂಲಿನ ಅಂಗಡಿಗೆ ಹೋಗಿ ದೊಡ್ಡ ತಕ್ಕಡಿ ಮೇಲೆ ನಿಂತರು. 46. ಚೀಟಿಯಲ್ಲಿ ಬರೆಸಿಕೊಂಡು ವಾಪಸ್ ಹೋಗಿ ಕೊಟ್ಟರು.